ಹೋರಿಗೆ ಹೆಸರಿದೆ, ಪೈಲ್ವಾನನಿಗೆ?

ನನ್ನ ದೊಡ್ಡಪ್ಪನ ಮಗನ ಮೊಬೈಲಿನಲ್ಲಿ ಹನ್ನೊಂದು ಸೆಕೆಂಡಿನ ಒಂದು ವಿಡಿಯೊ ಇದೆ. ಎರಡೂ ಕಡೆ ಗಳ ಕಟ್ಟಿದ ಬೀದಿ. ಕೊರಳಿಗೆ ಕೊಬ್ಬರಿ ಸರ, ಕೊಂಬಿಗೆ ಬಲೂನು ಕಟ್ಟಿಕೊಂಡ ಹೋರಿಯೊಂದು ಜನರ ನಡುವಿನಿಂದ ಚಿಮ್ಮಿ ಬರುತ್ತದೆ. ನೀಲಿ ಅಂಗಿಯ ಹುಡುಗನೊಬ್ಬ ಅದರ ಕೊರಳಿಗೆ ಹಾರುತ್ತಾನೆ. ಕೈ ಕೊಬ್ಬರಿಗೆ ತಾಗುತ್ತದೆ. ಮರುಕ್ಷಣ ಅವನು ಗಾಳಿಯಲ್ಲಿರುತ್ತಾನೆ, ಆಮೇಲೆ ಗಳದ ಬುಡದಲ್ಲಿ. ಕ್ಯಾಮೆರಾ ಅಲ್ಲಿ ನಿಲ್ಲುವುದಿಲ್ಲ, ಹೋರಿಯ ಹಿಂದೆ ಓಡುತ್ತದೆ. ಹಿನ್ನೆಲೆಯಲ್ಲಿ ಹೋರಿಯ ಹಾಡು, ಮೇಲೆ ದೊಡ್ಡ ಅಕ್ಷರದಲ್ಲಿ ಹೋರಿಯ ಹೆಸರು. ಬಿದ್ದವನು ಎದ್ದನೋ ಇಲ್ಲವೋ ವಿಡಿಯೊ ಹೇಳುವುದಿಲ್ಲ. ಎದ್ದ ಎಂದು ನನಗೆ ಗೊತ್ತು, ಯಾಕೆಂದರೆ ಬಿದ್ದವನು ಅವನೇ. ಮೂರು ಪಕ್ಕೆಲುಬು ಮುರಿದಿದ್ದವು. ಎಡಗೈಯ ಕಿರುಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ.

ನಾನು ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ವೀರಗಲ್ಲುಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಹಗಲು ಗದ್ದೆಬದಿಯಲ್ಲಿ ಅರ್ಧ ಹೂತ ಕಲ್ಲುಗಳ ಮುಂದೆ ಕೂತು ಸಾವಿರ ವರ್ಷದ ಹಿಂದೆ ಬಿದ್ದವರ ಹೆಸರು ಓದುವುದು, ಸಂಜೆ ಮನೆಗೆ ಬಂದರೆ ಈ ವಿಡಿಯೊ. ಎರಡರಲ್ಲೂ ಒಂದೇ ನೆಲದ ಹುಡುಗರು, ಹೆಚ್ಚುಕಡಿಮೆ ಒಂದೇ ಬಗೆಯ ಸಾಹಸ. ಆದರೆ ಕಲ್ಲಿನಲ್ಲಿ ಬಿದ್ದವನಿಗೆ ಹೆಸರಿದೆ, ವಿಡಿಯೊದಲ್ಲಿ ಇಲ್ಲ. ಈ ವ್ಯತ್ಯಾಸ ಎಲ್ಲಿಂದ ಬಂತು ಎನ್ನುವುದು ಈ ಬರಹದ ಪ್ರಶ್ನೆ. ಸಾಹಸದ ಕಥನವನ್ನು ಯಾರು ಕಟ್ಟುತ್ತಾರೆ, ಯಾರ ಸುತ್ತ ಕಟ್ಟುತ್ತಾರೆ ಎಂಬುದು ಸಾಹಿತ್ಯದ ಪ್ರಶ್ನೆಯೂ ಹೌದು ಎಂದು ನನ್ನ ನಂಬಿಕೆ.

*

ಹೋರಿ ಹಬ್ಬ ನೋಡದವರಿಗಾಗಿ ನಾಲ್ಕು ಮಾತು. ದೀಪಾವಳಿಯ ಪಾಡ್ಯಕ್ಕೆ ಶುರುವಾಗಿ ಮುಂದಿನ ಕೆಲವು ತಿಂಗಳು ಶಿಕಾರಿಪುರ, ಸೊರಬ, ಅತ್ತ ಹಾವೇರಿ ಜಿಲ್ಲೆಯ ಊರುಗಳಲ್ಲಿ ಸರದಿಯಂತೆ ನಡೆಯುತ್ತದೆ. ಅಲಂಕಾರ ಮಾಡಿದ ಹೋರಿಗಳನ್ನು ಒಂದೊಂದಾಗಿ ಬಿಡುತ್ತಾರೆ. ಕೊರಳಿನ ಕೊಬ್ಬರಿ ಹರಿಯಲು ಹುಡುಗರು ಮುಗಿಬೀಳುತ್ತಾರೆ. ಕೊಬ್ಬರಿ ಉಳಿಸಿಕೊಂಡು ದಾಟಿದ ಹೋರಿ ಗೆದ್ದಂತೆ. ಓಡುವ ದಾರಿಗೆ ಅಖಾಡ ಎನ್ನುತ್ತಾರೆ. ಹಿಡಿಯಲು ಇಳಿಯುವವರನ್ನು ಪೈಲ್ವಾನರು ಎನ್ನುತ್ತಾರೆ. ಎರಡೂ ಗರಡಿಮನೆಯ ಪದಗಳು. ಅಂದರೆ ಊರಿನ ಭಾಷೆ ಇದನ್ನು ಓಟವೆಂದಲ್ಲ, ಕುಸ್ತಿಯೆಂದೇ ಗ್ರಹಿಸಿದೆ.

ಈ ಕುಸ್ತಿಯಲ್ಲಿ ವೃತ್ತಿಜೀವನ ಇರುವುದು ಹೋರಿಗೆ. ಅದಕ್ಕೆ ಸಿನಿಮಾದ ಹೆಸರೋ ದೇವರ ಹೆಸರೋ ರಾಜನ ಹೆಸರೋ ಇರುತ್ತದೆ, ಹಿಂದೆ ಒಂದು ಸಂಖ್ಯೆಯೂ ಸೇರಿಕೊಂಡಿರಬಹುದು. ಫ್ಲೆಕ್ಸ್ ಇದೆ, ಹಾಡು ಇದೆ, ಅಭಿಮಾನಿ ಬಳಗ ಇದೆ, ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡು ಜೊತೆಗೆ ಓಡುವ ಹುಡುಗರಿದ್ದಾರೆ. ಮೊದಲ ಹಬ್ಬ ಯಾವುದು, ಯಾವ ಊರಲ್ಲಿ ಕೊಬ್ಬರಿ ಹೋಯಿತು, ಯಾವ ಊರಲ್ಲಿ ಬೈಕು ಗೆದ್ದಿತು ಎಲ್ಲ ಅಭಿಮಾನಿಗಳ ಬಾಯಲ್ಲಿದೆ. ವಯಸ್ಸಾದ ಹೋರಿಗೆ ವಿಶ್ರಾಂತಿ, ಸತ್ತರೆ ಮೆರವಣಿಗೆ, ಮಣ್ಣು ಮಾಡುವಾಗ ದೊಡ್ಡವರೂ ಅಳುತ್ತಾರೆ. ಹುಟ್ಟು, ಏಳ್ಗೆ, ಗೆಲುವು, ಸೋಲು, ಮರಳಿಕೆ, ಸಾವು ಎಲ್ಲ ಇರುವ ಪೂರ್ಣ ಜೀವನಚರಿತ್ರೆ ಅದು. ಇದನ್ನು ಗೇಲಿ ಮಾಡಲು ಹೇಳುತ್ತಿಲ್ಲ. ಮಗುವಿಗೆ ಕೊಡುವಷ್ಟೇ ನಿಗಾ ಕೊಟ್ಟು ಹೋರಿ ಸಾಕುವ ಮನೆಗಳನ್ನು ನಾನು ನೋಡಿದ್ದೇನೆ.

ಆದರೆ ಈ ಕಥನದೊಳಗೆ ಒಂದು ಬಿರುಕಿದೆ. ಹಾಡುಗಳಲ್ಲಿ, ಫ್ಲೆಕ್ಸುಗಳಲ್ಲಿ ಹೋರಿ ಯಾರಿಗೂ ಹೆದರದ ವೀರ. ಸ್ಪರ್ಧೆಯ ಹೆಸರೇನು? ಹೋರಿ ಬೆದರಿಸುವ ಸ್ಪರ್ಧೆ. ಅಂದರೆ ಹೋರಿ ಬೆದರಬೇಕು, ಬೆದರಿದರೇ ಓಡುವುದು, ಓಡಿದರೇ ಹಬ್ಬ. ಒಂದೇ ಫ್ಲೆಕ್ಸಿನ ಮೇಲಿನ ಸಾಲು ಅದನ್ನು ನಿರ್ಭೀತ ಎನ್ನುತ್ತದೆ, ಕೆಳಗಿನ ಸಾಲು ಅದನ್ನು ಬೆದರಿಸಲು ಕರೆಯುತ್ತದೆ. ಭಯವನ್ನು ಶೌರ್ಯವೆಂದು ಅನುವಾದಿಸುವ ಈ ಕೆಲಸ ಎಷ್ಟು ಸಲೀಸಾಗಿ ನಡೆಯುತ್ತದೆಂದರೆ ವರ್ಷಗಟ್ಟಲೆ ಎರಡೂ ಸಾಲು ಓದಿದ ನನಗೂ ಅದು ಹೊಳೆದದ್ದು ಇತ್ತೀಚೆಗೆ.

*

ನಾನೂ ನನ್ನ ಅಣ್ಣನೂ ಚಿಕ್ಕವರಿದ್ದಾಗ ಟಿವಿಯಲ್ಲಿ ಡಬ್ಲ್ಯುಡಬ್ಲ್ಯುಇ ನೋಡುತ್ತಿದ್ದೆವು. ಅಂಡರ್‌ಟೇಕರ್ ಏಳು ಸಲ ಸತ್ತು ಬದುಕಿದ್ದಾನೆ ಎಂದು ನಮ್ಮ ಶಾಲೆಯಲ್ಲಿ ಎಲ್ಲರೂ ನಂಬಿದ್ದರು. ಆ ಅಂಡರ್‌ಟೇಕರನೊಂದಿಗೆ ಮಿಕ್ ಫೋಲಿ ಎಂಬವನು 1998ರ ಜೂನ್ 28ರಂದು ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಆಡಿದ ಪಂದ್ಯವನ್ನು ಮುಂದೆ ಅಣ್ಣನೇ ಯೂಟ್ಯೂಬಿನಲ್ಲಿ ತೋರಿಸಿದ. ಸುಮಾರು 16 ಅಡಿ ಎತ್ತರದ ಪಂಜರದ ಮೇಲಿಂದ ಫೋಲಿಯನ್ನು ಕೆಳಗಿನ ಮೇಜಿನ ಮೇಲೆ ಎಸೆಯಲಾಗುತ್ತದೆ. ಸ್ಟ್ರೆಚರಿನಿಂದ ಎದ್ದು ಮತ್ತೆ ಮೇಲೆ ಹತ್ತುತ್ತಾನೆ. ಈ ಸಲ ಪಂಜರದ ಚಾವಣಿಯೇ ಬಿಟ್ಟುಕೊಂಡು ಒಳಗೆ ಬೀಳುತ್ತಾನೆ. ಮೊದಲನೆಯ ಬೀಳುವಿಕೆ ಮೊದಲೇ ಮಾತಾಡಿಕೊಂಡದ್ದು. ಎರಡನೆಯದು ಹಾಗೆ ಆಗಬೇಕೆಂದು ಯಾರೂ ಯೋಜಿಸಿರಲಿಲ್ಲ.

ವೃತ್ತಿಪರ ಕುಸ್ತಿ 'ಸುಳ್ಳು' ಎಂದು ಹೇಳುವವರಿಗೆ ರೋಲಾಂ ಬಾರ್ತ್ 1957ರ 'ಮಿಥಾಲಜೀಸ್' ಪುಸ್ತಕದ ಮೊದಲ ಪ್ರಬಂಧದಲ್ಲೇ ಉತ್ತರ ಕೊಟ್ಟಿದ್ದಾನೆ. ಅವನ ವಾದದ ಸಾರ ಇಷ್ಟು: ಕುಸ್ತಿ ಕ್ರೀಡೆಯಲ್ಲ, ಪ್ರದರ್ಶನ. ಅಲ್ಲಿ ಯಾರು ಗೆದ್ದರು ಎಂಬುದು ಮುಖ್ಯವಲ್ಲ, ನೋವು, ಸೋಲು, ನ್ಯಾಯ ಇವು ಪ್ರೇಕ್ಷಕರಿಗೆ ಸ್ಪಷ್ಟವಾಗಿ ಕಾಣಬೇಕು. ಆದ್ದರಿಂದ ಮೋಸ ಎಂಬ ಮಾತೇ ಅಲ್ಲಿ ಅಸಂಗತ. ನಮ್ಮ ಬಯಲಾಟದ ರಂಗಸ್ಥಳದಲ್ಲಿ ಕೀಚಕ ನಿಜವಾಗಿ ಸಾಯಲಿಲ್ಲ ಎಂದು ಯಾರೂ ದೂರು ಕೊಡುವುದಿಲ್ಲವಲ್ಲ, ಹಾಗೆ. ಆದರೆ ಬಾರ್ತ್‌ನ ಓದಿನಲ್ಲಿ ಒಂದು ಕೊರತೆ ಇದೆ. ಅವನು ಪ್ರೇಕ್ಷಕರ ಸಾಲಿನಲ್ಲಿ ಕೂತು ಬರೆದ. ಚಿಹ್ನೆಯಾಗಿ ಕಾಣುವ ನೋವು ಅವನ ವಸ್ತು, ಮನೆಗೆ ಹೋದಮೇಲೂ ಉಳಿಯುವ ನೋವು ಅಲ್ಲ.

ಆ ಕೊರತೆ ತುಂಬಿದ್ದು ಫೋಲಿಯೇ. 1999ರಲ್ಲಿ ಅವನ ಆತ್ಮಕಥೆ ಬಂತು. ಪ್ರಕಾಶಕರು ಗೊತ್ತುಮಾಡಿದ್ದ ಬರಹಗಾರನನ್ನು ಬಿಟ್ಟು, ನೋಟ್‌ಬುಕ್ಕುಗಳಲ್ಲಿ ಕೈಯಿಂದಲೇ ಬರೆದ ಪುಸ್ತಕ ಅದು. ಅಮೆರಿಕದಲ್ಲಿ ಮಾರಾಟದ ಪಟ್ಟಿಯ ಮೊದಲ ಸ್ಥಾನಕ್ಕೇರಿತು. 1983ರಲ್ಲಿ ವಿದ್ಯಾರ್ಥಿಯಾಗಿದ್ದಾಗ ದಾರಿಯಲ್ಲಿ ಸಿಕ್ಕ ವಾಹನಗಳಿಗೆ ಕೈಚಾಚಿ ನ್ಯೂಯಾರ್ಕಿಗೆ ಹೋಗಿ, ಜಿಮ್ಮಿ ಸ್ನೂಕಾ ಪಂಜರದ ಮೇಲಿಂದ ಹಾರುವುದನ್ನು ನೋಡಿದವನು ಈತ. 1994ರಲ್ಲಿ ಮ್ಯೂನಿಕ್‌ನಲ್ಲಿ ನಡೆದ ಪಂದ್ಯದಲ್ಲಿ ಬಲಗಿವಿಯ ಬಹುಭಾಗ ಕಳೆದುಕೊಂಡ. ಪುಸ್ತಕದ ಶಕ್ತಿ ಇರುವುದು ಇಂಥ ಘಟನೆಗಳಲ್ಲಲ್ಲ, ಅವುಗಳ ಅಂಚಿನಲ್ಲಿ. ಸಿಕ್ಕ ಕೂಲಿ, ಮೋಟೆಲಿನ ರಾತ್ರಿಗಳು, ಗಂಟೆಗಟ್ಟಲೆ ಕಾರು ಓಡಿಸುವುದು, ಮಕ್ಕಳು. ಪಂಜರದಿಂದ ಬಿದ್ದ ಪಂದ್ಯದ ಬಹುಪಾಲು ತನಗೆ ನೆನಪೇ ಇಲ್ಲವೆಂದೂ ಆತ ಹೇಳಿಕೊಂಡಿದ್ದಾನೆ. ಅಂದರೆ ಲಕ್ಷಾಂತರ ಜನರಿಗೆ ನೆನಪಿರುವ ಅವನ ಬದುಕಿನ ಅತಿ ಪ್ರಸಿದ್ಧ ಗಳಿಗೆ ಅವನೊಬ್ಬನ ಬಳಿ ಮಾತ್ರ ಇಲ್ಲ. ಅದನ್ನು ಅವನೂ ವಿಡಿಯೊದಲ್ಲೇ ನೋಡಬೇಕು.

ಈ ಸಂಗತಿ ಓದಿದಾಗ ನನಗೆ ಅಣ್ಣನ ಹನ್ನೊಂದು ಸೆಕೆಂಡು ನೆನಪಾಯಿತು. ಅವನೂ ಅದನ್ನು ಮತ್ತೆಮತ್ತೆ ನೋಡುವುದು ಮೆರೆಯಲಿಕ್ಕಲ್ಲ. "ಏನಾತು ಅಂತ ನಂಗೇ ಗೊತ್ತಿಲ್ಲ ನೋಡು" ಎನ್ನುತ್ತಾನೆ. ಆದರೆ ಫೋಲಿಗೂ ಅವನಿಗೂ ಇರುವ ಒಂದು ವ್ಯತ್ಯಾಸವನ್ನು ಮರೆಯಬಾರದು. ರಿಂಗಿನಲ್ಲಿ ಎದುರಾಳಿ ಒಳಗಿಂದ ಸಹಕಾರಿ. ಬೀಳಿಸುವವನೇ ತಲೆ ಕಾಯಬೇಕು, ಅದೇ ಆ ವೃತ್ತಿಯ ನೀತಿ. ಅಖಾಡದಲ್ಲಿ ಎದುರಾಳಿಗೆ ಇದೊಂದು ಆಟವೆಂಬುದೇ ಗೊತ್ತಿಲ್ಲ. ಹೋರಿ ಖಳನೂ ಅಲ್ಲ, ನಾಯಕನೂ ಅಲ್ಲ. ತಪ್ಪಿಸಿಕೊಳ್ಳಲು ದಾರಿ ಹುಡುಕುವ ಒಂದು ಜೀವ. ಹಾಗಾಗಿ ನಮ್ಮ ಹಬ್ಬ ಕುಸ್ತಿಯ ಭಾಷೆಯನ್ನು ತಂದುಕೊಂಡಿದೆ, ಕುಸ್ತಿಯ ಒಪ್ಪಂದವನ್ನು ತಂದುಕೊಂಡಿಲ್ಲ.

*

ಈಗ ಕಲ್ಲುಗಳ ಕಡೆ ಬರೋಣ. ಬಿ. ಎಲ್. ರೈಸ್ ಸಂಪಾದಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದ ಏಳನೆಯ ಸಂಪುಟ (1902) ಶಿಕಾರಿಪುರದ ಶಾಸನಗಳನ್ನೂ ಎಂಟನೆಯದು (1904) ಸೊರಬದವನ್ನೂ ಒಳಗೊಂಡಿವೆ. ತಿರುವಿಹಾಕಿದರೆ ಎಷ್ಟೊಂದು ವೀರಗಲ್ಲುಗಳು! ಇದು ಬನವಾಸಿ ನಾಡು, ಅದರೊಳಗಿನ ನಾಗರಖಂಡ. ತಾಳಗುಂದದ ಕಂಬದಲ್ಲಿ ಕುಬ್ಜ ಕವಿ ಕದಂಬರ ಮಯೂರಶರ್ಮನ ಸಾಹಸವನ್ನು ಸಂಸ್ಕೃತ ಕಾವ್ಯವಾಗಿಸಿದ ನೆಲ. ಆದರೆ ರಾಜರಿಗೆ ಕವಿಗಳು ಸಿಗುವುದರಲ್ಲಿ ಆಶ್ಚರ್ಯವಿಲ್ಲ. ನನ್ನನ್ನು ಹಿಡಿದು ನಿಲ್ಲಿಸುವುದು ಊರಿನ ದನ ಬಿಡಿಸಲು ಹೋಗಿ ತುರುಗೋಳಿನಲ್ಲಿ ಸತ್ತವನ ಕಲ್ಲು, ಊರಳಿವಿನಲ್ಲಿ ಸತ್ತವನ ಕಲ್ಲು.

ಅವುಗಳ ವಿನ್ಯಾಸ ಗೊತ್ತೇ ಇದೆ. ಸಾಮಾನ್ಯವಾಗಿ ಮೂರು ಪಟ್ಟಿಕೆ. ಕೆಳಗೆ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಮೇಲಕ್ಕೆ ಒಯ್ಯುವುದು, ಮೇಲೆ ದೇವರ ಸನ್ನಿಧಿ. ಕೆಳಗಿನಿಂದ ಮೇಲಕ್ಕೆ ಓದಬೇಕಾದ ಪಠ್ಯ. ಪಟ್ಟಿಕೆಗಳ ನಡುವೆ ಅಕ್ಷರ: ಆಳುವ ರಾಜ, ಕಾಲ, ಕಾಳಗದ ಕಾರಣ, ಸತ್ತವನ ಹೆಸರು, ಕಲ್ಲು ನಿಲ್ಲಿಸಿದವರು. ಕೆಲವೊಮ್ಮೆ ಇನ್ನೊಂದು ಮಾತೂ ಇರುತ್ತದೆ. ಅವನ ಮನೆಯವರಿಗೆ ಬಿಟ್ಟ ಭೂಮಿ. ನೆತ್ತರುಗೊಡಗೆ ಎಂಬ ಪದವನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನೆತ್ತರಿಗೆ ಕೊಟ್ಟ ಕೊಡುಗೆ. ಎಂ. ಚಿದಾನಂದಮೂರ್ತಿಯವರು 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ'ದಲ್ಲಿ ವೀರ ಮತ್ತು ತ್ಯಾಗದ ಸಂಗತಿಗಳನ್ನು ವಿವರವಾಗಿ ಚರ್ಚಿಸಿದ ಮೇಲೆ ಇವನ್ನು ಬರಿಯ ರಾಜಕೀಯ ಇತಿಹಾಸದ ಆಕರವೆಂದು ನೋಡುವುದು ಸಾಧ್ಯವಿಲ್ಲ. ವೀರಗಲ್ಲು ಸ್ಮಾರಕ ಹೌದು, ಜೊತೆಗೆ ಅದೊಂದು ಲೆಕ್ಕಪತ್ರ. ಇಂಥವನು ಊರಿಗಾಗಿ ಬಿದ್ದ, ಊರು ಅವನ ಮನೆಗೆ ಇಷ್ಟು ಕೊಡಬೇಕಾಗಿದೆ, ಇದನ್ನು ತಪ್ಪಿಸುವಂತಿಲ್ಲ ಎಂದು ಸಾರ್ವಜನಿಕವಾಗಿ ನೆಟ್ಟ ಕರಾರು.

ಪ್ರಾಣಿಗೆ ಹೆಸರು ಕೊಡುವುದು ಹೊಸದು, ಅದೇ ತಪ್ಪು ಎಂದು ಹೇಳುವಂತೆಯೂ ಇಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಸುಮಾರು ಕ್ರಿ.ಶ. 949-50ರ ಶಾಸನ ಕನ್ನಡದ ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರ ತನ್ನೊಡೆಯ ಬೂತುಗನಿಂದ ಬಹುಮಾನವಾಗಿ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಅದಕ್ಕೆ ಕಲ್ಲು ನಿಂತಿತು, ಭೂಮಿಯೂ ಬಿಟ್ಟಿತು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿ ನಾಯಿಯ ಹೆಸರು ಬಂದದ್ದರಿಂದ ಮನುಷ್ಯನ ಹೆಸರು ಅಳಿಯಲಿಲ್ಲ. ಇಬ್ಬರ ಕಥೆಯೂ ಒಂದೇ ಕಲ್ಲಿನಲ್ಲಿದೆ. ನಮ್ಮ ವಿಡಿಯೊಗಳಲ್ಲಿ ಜಾಗ ಒಬ್ಬರಿಗೇ.

ಇಷ್ಟು ಹೇಳಿದ ಮೇಲೆ ನನ್ನ ಸಂಶೋಧನೆಯ ವಸ್ತುವಿನ ಮೇಲೆ ನನಗೇ ಇರುವ ಅನುಮಾನವನ್ನೂ ಹೇಳಬೇಕು. ವೀರಗಲ್ಲು ಬದುಕಿ ಉಳಿದವರು ಬರೆಸಿದ ಪಠ್ಯ. ಸಾಲುಗಳಲ್ಲಿ ಹೆಚ್ಚಿನವು ರಾಜನ ಬಿರುದುಗಳಿಗೆ ಹೋಗಿ, ಸತ್ತವನು ಕೊನೆಯ ಒಂದೆರಡು ಸಾಲಿನಲ್ಲಿ ಇಕ್ಕಟ್ಟಿನಲ್ಲಿ ನಿಂತ ಕಲ್ಲುಗಳು ಬೇಕಾದಷ್ಟಿವೆ. ಕೆಳಗಿನ ಪಟ್ಟಿಕೆಯಲ್ಲಿ ವೀರನ ಮೈ ನೆಟ್ಟಗಿರುತ್ತದೆ, ಸುತ್ತ ಬಿದ್ದವರು ಬೇರೆಯವರು. ಅವನ ಗಾಯವನ್ನಾಗಲಿ ಭಯವನ್ನಾಗಲಿ ಶಿಲ್ಪಿ ಕೆತ್ತುವುದು ಅಪರೂಪ. ಗಾಯದಿಂದ ನೇರವಾಗಿ ಸ್ವರ್ಗಕ್ಕೆ ಹಾರುವ ಆ ನಡುವಿನ ಪಟ್ಟಿಕೆ ಕೂಡ ಒಂದು ಬಗೆಯ ಎಡಿಟಿಂಗೇ. ಮನೆಯಲ್ಲಿ ಉಳಿದ ಹೆಂಗಸಿಗೆ ಯಾವ ಪಟ್ಟಿಕೆಯೂ ಇಲ್ಲ, ಅವಳೂ ಸತ್ತು ಮಾಸ್ತಿಕಲ್ಲಾದರೆ ಬೇರೆ ಮಾತು. ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಹತ್ತನೆಯ ಶತಮಾನದ ಶಾಸನದಲ್ಲಿ ಗಂಡ ಸತ್ತ ಮೇಲೆ ನಾಗರಖಂಡ ಎಪ್ಪತ್ತನ್ನು ಆಳಿದ ಜಕ್ಕಿಯಬ್ಬೆ ಬರುತ್ತಾಳೆ. ನಾಡನ್ನೇ ಆಳಿದ್ದರಿಂದ ಅವಳು ದಾಖಲಾದಳು. ಉಳಿದವರು ಆಗಲಿಲ್ಲ.

ಅಂದರೆ ಕಲ್ಲೂ ಪೂರ್ತಿ ನಿಜ ಹೇಳಲಿಲ್ಲ. ಆದರೂ ಅದು ಒಂದು ಕೆಲಸ ಮಾಡಿತು. ಬಿದ್ದವನ ಹತ್ತಿರ ನಿಂತಿತು. ವಿಡಿಯೊ ಮುಂದೆ ಓಡಿತು.

*

ಹೋರಿ ಹಬ್ಬದ ಬಗ್ಗೆ ಈಗ ಎರಡು ಬಗೆಯ ಬರವಣಿಗೆ ಇದೆ. ಒಂದು, ಇದು ಸಂಪ್ರದಾಯ, ರೈತನ ಹೆಮ್ಮೆ ಎನ್ನುತ್ತದೆ. ಇನ್ನೊಂದು, ಇದು ಪ್ರಾಣಿಹಿಂಸೆ ಎನ್ನುತ್ತದೆ. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು ಮತ್ತು ಎತ್ತಿನಗಾಡಿ ಓಟಗಳನ್ನು ನಿಷೇಧಿಸಿದ್ದು, 2017ರಲ್ಲಿ ಕರ್ನಾಟಕ ಕಂಬಳ ಮತ್ತು ಎತ್ತಿನ ಓಟಗಳಿಗಾಗಿ ಕಾಯ್ದೆ ತಿದ್ದಿದ್ದು, 2023ರ ಮೇ 18ರಂದು ಸಂವಿಧಾನ ಪೀಠ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕದ ತಿದ್ದುಪಡಿಗಳನ್ನು ಎತ್ತಿಹಿಡಿದದ್ದು, ಇವೆಲ್ಲ ಈ ವಾದದ ಮೈಲಿಗಲ್ಲುಗಳು. ಪ್ರಾಣಿಗಳ ಕಾಯ್ದೆ ಪ್ರಾಣಿಯ ಬಗ್ಗೆ ಮಾತಾಡುವುದು ಸರಿಯೇ. ಹೋರಿಯ ಭಯದ ಬಗ್ಗೆ ಮೇಲೆ ನಾನು ಬರೆದದ್ದೂ ಅದೇ ದಿಕ್ಕಿನ ಮಾತು. ಆದರೆ ಸಾಹಿತ್ಯ, ಸಂಸ್ಕೃತಿಯ ಬಗ್ಗೆ ಬರೆಯುವ ನಾವೂ ಇವೆರಡೇ ಸಾಲಿನಲ್ಲಿ ನಿಂತುಬಿಟ್ಟಿದ್ದೇವೆ. ದೀಪಾವಳಿಯ ಮರುವಾರ ಪತ್ರಿಕೆಯ ಒಳಪುಟದಲ್ಲಿ ಹೋರಿ ತಿವಿದು ಯುವಕ ಸಾವು ಎಂಬ ಸುದ್ದಿ ಬರುತ್ತದೆ. ವಯಸ್ಸು, ಊರು, ಪೊಲೀಸ್ ಠಾಣೆ. ಅದೇ ಅವನ ಮೊದಲ ಮತ್ತು ಕೊನೆಯ ಪಠ್ಯ. ಸಂಪ್ರದಾಯದ ಪರ ಬರೆಯುವವರಿಗೆ ಅವನು ಅಪಶಕುನ, ವಿರುದ್ಧ ಬರೆಯುವವರಿಗೆ ಅಂಕಿ.

ಪೈಲ್ವಾನರಿಗೆ ಬಹುಮಾನ ಇಲ್ಲ ಎಂದಲ್ಲ. ಚೆನ್ನಾಗಿ ಹಿಡಿದವರ ಹೆಸರನ್ನು ಮೈಕಿನಲ್ಲಿ ಕೂಗುವುದೂ ಉಂಟು. ಬಹುಮಾನ ಇದೆ, ಕಥನ ಇಲ್ಲ. ಅವರ ಮೊದಲ ಹಬ್ಬ, ಕಲಿಸಿದವರು, ಹೆದರಿದ ಗಳಿಗೆ, ಬಿಟ್ಟ ವರ್ಷ ಯಾವುದೂ ಎಲ್ಲಿಯೂ ಇಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದ ಎಂಬ ಭಾಗವೇ ಇದೆ. ಅಲ್ಲಿ ಮಲ್ಲರ ದರ್ಜೆ, ಆಹಾರ, ಅಭ್ಯಾಸ, ರಾಜ ಅವರನ್ನು ಪೋಷಿಸುವ ಬಗೆ ಎಲ್ಲ ಬರುತ್ತದೆ. ನಮ್ಮ ಬಳ್ಳಿಗಾವೆ ಆ ರಾಜ್ಯದ ದೊಡ್ಡ ಪಟ್ಟಣಗಳಲ್ಲಿ ಒಂದು. ಆದರೆ ಅದರ ಹೆಸರೇ ವಿನೋದ, ಯಾರ ವಿನೋದ ಎಂದರೆ ರಾಜನದು. ಮಲ್ಲ ಅಲ್ಲೂ ನೋಡುವವನ ಕಣ್ಣಿನಿಂದಲೇ ಬರೆಯಲ್ಪಟ್ಟವನು. ಸೋಮೇಶ್ವರನಿಂದ ಬಾರ್ತ್‌ವರೆಗೆ ಕುಸ್ತಿಯ ಬಗ್ಗೆ ಬರೆದವರು ಆಸನದಲ್ಲಿದ್ದವರು. ಫೋಲಿಯ ಪುಸ್ತಕ ದೊಡ್ಡ ಸಾಹಿತ್ಯವೋ ಅಲ್ಲವೋ ಎಂಬ ಚರ್ಚೆಗಿಂತ ಅದು ಕೆಳಗಿನ ಪಟ್ಟಿಕೆಯೊಳಗಿಂದ ಬಂದ ಬರಹ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಇನ್ನೂ ಒಂದು. 1999ರ ಜನವರಿಯ ಪಂದ್ಯದಲ್ಲಿ ಕೈಗೆ ಬೇಡಿ ಹಾಕಿಸಿಕೊಂಡು ತಲೆಗೆ ಕುರ್ಚಿಯ ಹೊಡೆತ ತಿನ್ನುವ ಅವನನ್ನು ಪ್ರೇಕ್ಷಕರ ಮುಂದಿನ ಸಾಲಿನಲ್ಲಿ ಹೆಂಡತಿ, ಮಕ್ಕಳು ಅಳುತ್ತಾ ನೋಡುತ್ತಿದ್ದರು. 'ಬಿಯಾಂಡ್ ದ ಮ್ಯಾಟ್' ಎಂಬ ಸಾಕ್ಷ್ಯಚಿತ್ರ ಅವರ ಮುಖಗಳನ್ನು ಹಿಡಿಯಿತು. ಆ ದೃಶ್ಯಗಳನ್ನು ನೋಡಿ ಫೋಲಿ ಕುಗ್ಗುವುದೂ ಅದರಲ್ಲಿದೆ. ವೀರಗಲ್ಲಿನಲ್ಲಿ ಇಲ್ಲದ ಪಟ್ಟಿಕೆ ಅದು.

ನಾನು ಹೆಂಗಸು, ಅಖಾಡಕ್ಕೆ ಇಳಿದವಳಲ್ಲ. ಟ್ರ್ಯಾಕ್ಟರಿನ ಟ್ರೇಲರಿನ ಮೇಲೆ ನಿಂತು ನೋಡಿದವಳು, ಕೂಗಿದವಳು. ಆ ದಿನವೂ ಕೂಗಿದ್ದೆ. ನೀಲಿ ಅಂಗಿ ಗಾಳಿಗೆ ಎದ್ದಾಗಿನ ಗುಂಪಿನ ಕೂಗಿನಲ್ಲಿ ನನ್ನ ದನಿಯೂ ಇದೆ. ಅಂಗಿ ಯಾರದೆಂದು ಗೊತ್ತಾದದ್ದು ಒಂದು ಗಳಿಗೆ ತಡವಾಗಿ. ಆದ್ದರಿಂದ ನ್ಯಾಯಾಧೀಶರ ಸ್ಥಾನದಲ್ಲಿ ಕೂರುವ ಹಕ್ಕು ನನಗಿಲ್ಲ.

ಕಳೆದ ತಿಂಗಳು ನೋಟ್‌ಬುಕ್ಕು ಹಿಡಿದು ಅವನ ಎದುರು ಕೂತೆ. ಮೊದಲ ಹಬ್ಬದಿಂದ ಶುರುಮಾಡಿ ಹೇಳು ಎಂದೆ. ಎರಡು ಸಂಜೆ ಹೇಳಿದ. ಹೋರಿ ಬರುವ ಮುಂಚೆ ನೆಲ ಕಾಲಿಗೆ ಮೊದಲು ಗೊತ್ತಾಗುತ್ತದೆ, ಕಿವಿಗೆ ಆಮೇಲೆ ಎಂದ. ಕಣ್ಣು ನೋಡಬಾರದು, ಭುಜ ನೋಡಬೇಕು ಎಂದ. ಬಿದ್ದಾಗ ಮೊದಲು ಬಂದ ಯೋಚನೆ ನೋವಿನದಲ್ಲ, ಅಪ್ಪನಿಗೆ ಏನು ಹೇಳುವುದು ಎಂಬುದು ಎಂದ. ಹನ್ನೆರಡು ಪುಟ ಆಯಿತು. ಹೆಸರು ಹಾಕಿ ಪ್ರಕಟಿಸುತ್ತೇನೆ, ಹೆಸರಿಲ್ಲದಿರುವುದೇ ನನ್ನ ಲೇಖನದ ತಕರಾರು ಎಂದು ವಿವರಿಸಿದೆ. ಅವನು ನಕ್ಕ.

"ಹೆಸ್ರು ಗಿಸ್ರು ಹಾಕಬ್ಯಾಡ ಮಾರಾಯ್ತಿ. ಹೆಣ್ಣು ನೋಡಾಕ ಹತ್ತ್ಯಾರ. ಹೋರಿ ಹಿಡಿಯೋನಿಗೆ ಯಾರು ಹೆಣ್ಣು ಕೊಡ್ತಾರ?"

ನನ್ನ ವಾದದ ಅರ್ಧ ಅಲ್ಲೇ ಕುಸಿಯಿತು. ಹೆಸರು ಇಲ್ಲದಿರುವುದು ಬರೀ ಅನ್ಯಾಯ ಎಂದುಕೊಂಡಿದ್ದೆ. ಕೆಲವೊಮ್ಮೆ ಅದೊಂದು ಆಶ್ರಯವೂ ಇರಬಹುದು. ಸತ್ತವನಿಗೆ ಹೆಸರು ಕೆತ್ತುವುದು ಸುಲಭ, ಅವನು ನಾಳೆ ಮದುವೆಯಾಗಬೇಕಿಲ್ಲ. ಬದುಕಿರುವವನ ಸಾಹಸವನ್ನು ಅವನ ಬದುಕಿಗೆ ಧಕ್ಕೆಯಾಗದಂತೆ ಬರೆಯುವುದು ಹೇಗೆ ಎಂಬ ಪ್ರಶ್ನೆಗೆ ವೀರಗಲ್ಲಿನಲ್ಲಿ ಉತ್ತರವಿಲ್ಲ, ಅದನ್ನು ನಾವೇ ಕಂಡುಕೊಳ್ಳಬೇಕು. ಹಾಗಾಗಿ ಈ ಲೇಖನದಲ್ಲೂ ಅವನಿಗೆ ಹೆಸರಿಲ್ಲ. ಹನ್ನೆರಡು ಪುಟ ಮಾತ್ರ ನನ್ನ ಬಳಿ ಇವೆ. ಈ ದೀಪಾವಳಿಗೆ ಇಳಿಯುತ್ತೀಯಾ ಎಂದು ಕೇಳಿದೆ. ಮಡಚದ ಕಿರುಬೆರಳನ್ನು ಇನ್ನೊಂದು ಕೈಯಿಂದ ಮಡಚುತ್ತಾ, ಹೋರಿ ನೋಡಿ ಹೇಳ್ತೀನಿ ಎಂದ.